ಬೀಗರ ಸಾಲ ಮನ್ನಾ ಮಾಡಿದ್ದು

ನಾನು ಅಜ್ಜಿಯಾದ ವರ್ಷ ನಮ್ಮ ಯಜಮಾನರು ಬೀಗರ ಸಾಲ ಮನ್ನಾ ಮಾಡಿದರು. ಅದರಿಂದಾಗಿ ನಾನು ಅಜ್ಜಿಯಾಗುವುದು ನಮ್ಮ ಮನೆಯಲ್ಲೋ ಬೀಗರ ಮನೆಯಲ್ಲೋ ಎಂಬುದು ಬಹಳ ದಿನ ತೀರ್ಮಾನವಾಗದೆ ಉಳಿಯಿತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯಲು ಹಾಳೆ ಪೆನ್ನು ತಂದುಕೊಟ್ಟವಳು ಮೊಮ್ಮಗಳು. ಅವಳ ವಿಷಯ ಬರೆಯಲು ಶುರು ಮಾಡಿದರೆ ನನಗೆ ನಿಲ್ಲಿಸಲು ಬರುವುದಿಲ್ಲ. ಅವಳು ನಕ್ಕರೆ ಹೇಗಿರುತ್ತಾಳೆ ಎಂಬುದಕ್ಕೇ ಒಂದು ಹಾಳೆ ಬೇಕು. ಹಾಗಾಗಿ ಮೊದಲು ಕೊಬ್ಬರಿಯ ವಿಷಯ ಮುಗಿಸಿಬಿಡುತ್ತೇನೆ.

ನಮ್ಮೂರು ದಬ್ಬೇಘಟ್ಟದ ಕಡೆ. ಮಗಳನ್ನು ಕೊಟ್ಟದ್ದು ಹುಳಿಯಾರಿನ ಆಚೆ, ಬೋರನಕಣಿವೆಯ ಕಡೆಗೆ. ನಡುವೆ ಬಸ್ಸು ಬದಲಾಯಿಸುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಬೀಗರದು ನಮಗಿಂತ ಹಳೆಯ ಮನೆತನ. ತೋಟ ನಮ್ಮದಕ್ಕಿಂತ ಚಿಕ್ಕದು, ಅಟ್ಟ ದೊಡ್ಡದು, ಮರ್ಯಾದೆ ಎಲ್ಲಕ್ಕಿಂತ ದೊಡ್ಡದು.

ಅಟ್ಟದ ವಿಷಯ ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆ ಕಾಯಿ ಕಿತ್ತ ತಕ್ಷಣ ಮಾರುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಕೆಳಗಿನ ಒಲೆಯ ಹೊಗೆ ತಾಗಿಸಿಕೊಂಡು, ಒಂದು ವರ್ಷ ಸುಮ್ಮನಿರುತ್ತೇವೆ. ಒಳಗಿನ ನೀರು ಬತ್ತಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಆಗ ಸುಲಿದು ಒಡೆದರೆ ಇಡೀ ಉಂಡೆ ಕೊಬ್ಬರಿ ಕೈಗೆ ಬರುತ್ತದೆ. ಅದನ್ನು ತಿಪಟೂರಿನ ಮಂಡಿಗೆ ಹಾಕುವುದು. ಹೊರಗಿನವರು ಬಂದು, ಇದನ್ನು ಬೇಗ ಮಾಡಲು ಆಗುವುದಿಲ್ಲವೇ ಎಂದು ಕೇಳುತ್ತಾರೆ. ಆಗುವುದಿಲ್ಲ.

ಮಗಳ ಮದುವೆಯಾದ ಮೇಲಿನ ಮಳೆಗಾಲದಲ್ಲಿ ಬೀಗರ ಮನೆಯ ಹೆಂಚು ಜರುಗಿ ಅಟ್ಟಕ್ಕೆ ಸೋನೆ ನೀರು ಇಳಿಯಿತು. ಒಡೆದು ನೋಡಿದರೆ ಅರ್ಧಕ್ಕರ್ಧ ಕೌಟು, ಅಂದರೆ ಕೊಳೆತು ವಾಸನೆ ಹಿಡಿದ ಕೊಬ್ಬರಿ. ಆ ಹೊತ್ತಿಗೆ ಅವರು ತಿಪಟೂರಿನ ಮಂಡಿಯೊಂದಕ್ಕೆ ಮಾತು ಕೊಟ್ಟಾಗಿತ್ತು. ವಿಷಯ ಅಳಿಯನ ಬಾಯಿಂದ ನಮ್ಮ ಯಜಮಾನರ ಕಿವಿಗೆ ಬಿತ್ತು. ಅವರು ಯಾರನ್ನೂ ಕೇಳದೆ ನಮ್ಮ ಕೊಬ್ಬರಿಯನ್ನು ಒಂದು ಗಾಡಿ ಹೇರಿಸಿಕೊಂಡು ಹೋಗಿ, ಬೀಗರ ಹೆಸರಿನಲ್ಲೇ ಮಂಡಿಗೆ ಹಾಕಿ ಬಂದರು. ಬೀಗರ ಮಾತು ಉಳಿಯಿತು.

ಮಾರನೆಯ ವಾರ ಬೀಗರು ಬಂದು ನಮ್ಮ ಜಗಲಿಯ ಮೇಲೆ ಕೂತರು.

"ಬೀಗ್ರೇ, ಕೊಬ್ಬರಿಗೆ ಕೊಬ್ಬರಿ. ದುಡ್ಡಿನ ಮಾತು ಬ್ಯಾಡ. ನಮ್ಮ ಅಟ್ಟದ ಕಾಯಿ ಒಣಗಿ ಅಟ್ಟ ಆಗ್ಲಿ, ಅದೇ ಗಾಡಿ ತುಂಬ ತಂದು ಹಾಕ್ತೀವಿ."

"ಆಗ್ಲಿ ಬುಡಿ," ಅಂದರು ನಮ್ಮವರು.

ಹೆಂಚು ಹೊದಿಸಿ, ಹೊಸ ಕಾಯಿ ಕಿತ್ತು ಅಟ್ಟ ತುಂಬಿಸುವಷ್ಟರಲ್ಲಿ ಯುಗಾದಿ ಬಂತು. ಅಂದರೆ ಕೊಬ್ಬರಿ ಸಿಗುವುದು ಅದರ ಮುಂದಿನ ಯುಗಾದಿ ಕಳೆದ ಮೇಲೆ. ಅಲ್ಲಿಯವರೆಗೂ ಬೀಗರು ಆಗಾಗ ಬರುತ್ತಿದ್ದರು. ಬರುವುದು, ಕಾಫಿ ಕುಡಿಯುವುದು, "ಒಣಗ್ತಾ ಐತೆ" ಅನ್ನುವುದು, ಹೋಗುವುದು. ಅಷ್ಟು ದೂರದಿಂದ ಅದೊಂದು ಮಾತು ಹೇಳಲು ಬರುತ್ತಿದ್ದರು. ಜೊತೆಗೆ ಮಗಳ ಸುದ್ದಿಯೂ ಬರುತ್ತಿತ್ತು. ಮಗಳು ಬಸುರಿ ಎಂಬುದು ನನಗೆ ಗೊತ್ತಾಗಿದ್ದೂ ಹಾಗೆಯೇ. "ಒಣಗ್ತಾ ಐತೆ. ಹಂಗೇ ಹುಡುಗಿಗೂ ಮೂರು ತಿಂಗ್ಳು," ಅಂದರು. ನಾನು ಒಳಗೆ ಹೋಗಿ ಸಕ್ಕರೆ ಡಬ್ಬ ಹುಡುಕಿದೆ. ಅದು ಕೈಯಲ್ಲೇ ಇತ್ತು.

ಆ ವರ್ಷ ಕೊಬ್ಬರಿಯ ರೇಟು ಏರಿತು. ಎಲ್ಲರಿಗೂ ಖುಷಿ, ನಮ್ಮ ಯಜಮಾನರಿಗೆ ಸಂಕಟ. ಬೀಗರು ತೆಗೆದುಕೊಂಡಾಗ ಒಂದು ಬೆಲೆ, ತಿರುಗಿ ಕೊಡುವಾಗ ಇನ್ನೊಂದು ಬೆಲೆ. ತೆಗೆದುಕೊಂಡದ್ದಕ್ಕಿಂತ ಭಾರವಾದದ್ದನ್ನು ಅವರು ಇಳಿಸಬೇಕಲ್ಲ ಎಂದು ಇವರಿಗೆ ಊಟ ಸೇರುತ್ತಿರಲಿಲ್ಲ.

ಇವರಿಗೆ ರೇಡಿಯೋ ಅಭ್ಯಾಸ. ಪೇಟೆ ಧಾರಣೆಗೆಂದು ಹಾಕಿದರೆ ಭಾಷಣ ಮುಗಿಯುವವರೆಗೂ ಆರಿಸುತ್ತಿರಲಿಲ್ಲ. ಒಂದು ಸಂಜೆ ಯಾರೋ ಓದಿದವರು ಲೋಕದ ಸಾಲದ ವಿಷಯ ಮಾತಾಡಿದರು. ತೀರಾ ಬಡ ದೇಶಗಳು ದೊಡ್ಡ ದೇಶಗಳ ಹತ್ತಿರ ಸಾಲ ಮಾಡಿವೆಯಂತೆ, ರಸ್ತೆಗೆ, ಅಣೆಕಟ್ಟೆಗೆ, ಗೋಧಿಗೆ. ಅವರು ಬೆಳೆದು ಮಾರುವುದು ಕಡಲೆಕಾಯಿ, ಕಾಫಿ ಇಂಥದ್ದು. ಅದರ ಬೆಲೆ ಅವರ ಕೈಯಲ್ಲಿಲ್ಲ. ಬೆಲೆ ಬಿದ್ದರೆ ಬಡ್ಡಿಯೂ ಹುಟ್ಟುವುದಿಲ್ಲ. ಕೆಲವು ದೊಡ್ಡ ದೇಶಗಳು, ಕೊಟ್ಟದ್ದು ಕೊಟ್ಟಂತೆಯೇ ಇರಲಿ, ವಾಪಸು ಬೇಡ ಎಂದುಬಿಟ್ಟಿವೆಯಂತೆ.

ಇವರು ತುತ್ತು ಕೈಯಲ್ಲೇ ಹಿಡಿದು ಕೂತಿದ್ದರು.

"ನೋಡೇ, ಎಂಥಾ ಮನಸು. ಮುಖಾನೇ ನೋಡದಿರೋರಿಗೆ ಬುಟ್ಬುಟ್ಟವ್ರೆ."

"ನಮ್ ದೇಶದ್ದೂ ಬಿಟ್ರಂತಾ?"

"ನಾವು ಕೊಟ್ಟೂ ಇದ್ದೀವಂತೆ, ತಗಂಡೂ ಇದ್ದೀವಂತೆ."

"ಹಂಗಾದ್ರೆ ನಮ್ಮನೆ ಥರಾನೇ," ಅಂದೆ. ನಮಗೂ ಸೊಸೈಟಿಯಲ್ಲಿ ಸಾಲವಿತ್ತು. ಇವರ ಕಿವಿ ರೇಡಿಯೋದ ಕಡೆಗೇ ಇತ್ತು. ಮನಸ್ಸು ಆಗಲೇ ದೊಡ್ಡ ದೇಶಗಳ ಜೊತೆ ಕೂತಾಗಿತ್ತು.

ಏಳನೇ ತಿಂಗಳಲ್ಲಿ ಮಡಿಲು ತುಂಬಿ ಮಗಳನ್ನು ಕರೆತರಲು ಹೋದೆವು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬುದು ನಮ್ಮ ಕಡೆ ಯಾರೂ ಯೋಚನೆ ಕೂಡ ಮಾಡದ ವಿಷಯ. ಸೂರ್ಯ ಮೂಡುವ ಹಾಗೆ ಅದು ಆಗುತ್ತದೆ. ನಾನು ನಡುಮನೆಯ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿ, ಹಳೆಯ ಸೀರೆಗಳನ್ನು ಮೆತ್ತಗಾಗುವವರೆಗೆ ಒಗೆದು, ಮಡಿಸಿ ಇಟ್ಟು ಬಂದಿದ್ದೆ.

ಬೀಗರ ಮನೆಯಲ್ಲಿ ಶಾಸ್ತ್ರ ಚೆನ್ನಾಗಿ ಆಯಿತು. ಒಬ್ಬಟ್ಟಿನ ಊಟ. ಅವರ ಅಣ್ಣ ತಮ್ಮಂದಿರು, ಊರಿನ ನಾಲ್ಕು ಹಿರಿಯರು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಮಗಳು ಹೊರಡಲು ಹೂ ಮುಡಿಯುತ್ತಿದ್ದಳು. ಆಗ ನಮ್ಮ ಯಜಮಾನರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ರೇಡಿಯೋದವರ ದನಿಯಲ್ಲೇ ಹೇಳಿದರು.

"ಎಲ್ರೂ ಇದ್ದೀರಿ, ಒಂದು ಮಾತು. ಬೀಗ್ರು ನಮಗೆ ಕೊಡಬೇಕಾದ ಕೊಬ್ಬರೀನ ನಾನು ಮನಸಾರೆ ಬಿಟ್ಟಿದ್ದೀನಿ. ಅವ್ರು ಒಂದು ಉಂಡೇನೂ ಕೊಡೋಂಗಿಲ್ಲ."

ಒಳಗಿನಿಂದ ಬೀಗರ ತಾಯಿ, ವಯಸ್ಸಾದವರು, ಕೇಳಿದರು. "ಯಾರು ಸತ್ರು?"

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ಜನದಲ್ಲಿ ಸಾಲವನ್ನು ಬಿಟ್ಟೆ ಎಂದು ಬಾಯಿಬಿಟ್ಟು ಹೇಳುವುದು ಎರಡೇ ಕಡೆ. ಒಂದು, ಸಾಲ ತೆಗೆದುಕೊಂಡವನು ಸತ್ತಾಗ, ಹೆಣ ಎತ್ತುವ ಮುಂಚೆ. ಇನ್ನೊಂದು, ನೆಂಟಸ್ತನ ಮುರಿದು, ಇನ್ನು ನಿಮ್ಮ ಹೊಸಲು ತುಳಿಯುವುದಿಲ್ಲ ಎಂದು ಎದ್ದು ಬರುವಾಗ. ಬದುಕಿರುವ ನೆಂಟರಿಗೆ ಆ ಮಾತು ಹೇಳುವುದಿಲ್ಲ. ಕೇಳದೆ ಇರಬಹುದು. ಇಡೀ ಜನ್ಮ ಕೇಳದೆ ಇರಬಹುದು. ಆದರೆ ಬಿಟ್ಟೆ ಅನ್ನುವ ಹಾಗಿಲ್ಲ. ಇದು ನಮ್ಮ ಯಜಮಾನರಿಗೆ ಗೊತ್ತಿಲ್ಲದ್ದಲ್ಲ. ರೇಡಿಯೋ ಕೇಳಿ ಮರೆತಿದ್ದರು.

ಬೀಗರು ಬಾಯಲ್ಲಿದ್ದ ಎಲೆ ಅಡಿಕೆ ಉಗಿದು, ಬಾಯಿ ತೊಳೆದು, ನಿಧಾನವಾಗಿ ಬಂದು ನಿಂತರು.

"ಹುಡುಗೀನ ಇವತ್ತು ಕಳ್ಸಕ್ಕಾಗಲ್ಲ ಬೀಗ್ರೇ. ಅಟ್ಟ ಆಗ್ಲಿ. ಕೊಬ್ಬರಿ ಗಾಡೀಲೇ ಅವಳನ್ನೂ ಕಳ್ಸಿಕೊಡ್ತೀವಿ."

ಅಟ್ಟ ಆಗುವುದು ಯುಗಾದಿ ಕಳೆದ ಮೇಲೆ. ಮಗು ಬರುವುದು ಶಿವರಾತ್ರಿಯ ಸುಮಾರಿಗೆ. ಲೋಕದಲ್ಲೆಲ್ಲ ಸಾಲ ಕೊಟ್ಟವನು ಒತ್ತೆ ಇಟ್ಟುಕೊಳ್ಳುತ್ತಾನೆ. ನಮ್ಮ ವಿಷಯದಲ್ಲಿ ಸಾಲ ತೆಗೆದುಕೊಂಡವರು ಇಟ್ಟುಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಮಗಳಿಗೆಂದು ಹಿಡಿದಿದ್ದ ಸೀಟಿನಲ್ಲಿ ಮಡಲಕ್ಕಿಯ ಚೀಲ ಕೂತಿತ್ತು. ಚಿಕ್ಕನಾಯಕನಹಳ್ಳಿ ದಾಟುವವರೆಗೂ ಇವರು ಆ ಚೀಲದ ಗಂಟನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದರು. ಆಮೇಲೆ ಹೇಳಿದರು.

"ಮನ್ನಾ ಆದ್ಮೇಲೆ ಆ ದೇಶದೋರು ಏನಂದ್ರು ಅಂತ ರೇಡಿಯೋದೋರು ಹೇಳ್ಲಿಲ್ಲ ಕಣೇ."

ಏಳನೇ ತಿಂಗಳು ತಪ್ಪಿದರೆ ಎಂಟರಲ್ಲಿ ಬಸುರಿಯನ್ನು ಮನೆಯಿಂದ ಹೊರಡಿಸುವುದಿಲ್ಲ. ಇನ್ನು ಉಳಿದದ್ದು ಒಂಬತ್ತರ ಮೊದಲ ದಿನಗಳು ಮಾತ್ರ. ಅದಾದ ಮೇಲೆ ಬಸ್ಸಿನ ಕುಲುಕಾಟಕ್ಕೆ ಯಾರೂ ಒಪ್ಪುವುದಿಲ್ಲ. ಸುಣ್ಣ ಹೊಡೆದ ಕೋಣೆಯ ಬಾಗಿಲನ್ನು ನಾನು ದಿನಕ್ಕೊಮ್ಮೆ ತೆಗೆದು ನೋಡಿ ಹಾಕುತ್ತಿದ್ದೆ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಇವರು ತಿಪಟೂರಿಗೆ ಹೋದಾಗ ಬೀಗರು ಮಂಡಿಯಲ್ಲೇ ಸಿಕ್ಕರು. ಇವರೇ ಅವರನ್ನು ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋಗಿ ಮಾತಾಡಿದರಂತೆ. ಬಂದು ನನಗೆ ಹೇಳಿದರು.

"ಬೀಗ್ರೇ, ದೇಶ ದೇಶಗಳೇ ಮನ್ನಾ ಮಾಡ್ತಾವೆ, ತಗಂಡೋರು ಸುಮ್ನೇ ಇದಾರೆ. ನಮ್ಮದೇನು ಮಹಾ ಅಂದೆ."

"ಅದಕ್ಕೆ?"

"ಮಾಡ್ಲಿ, ಆ ದೇಶದೋರು ಈ ದೇಶದೋರ ಮನೇಗೆ ಹೆಣ್ಣು ಕೊಟ್ಟವ್ರಾ ಅಂದ್ರು."

"ಅದಕ್ಕೆ ನೀವೇನಂದ್ರಿ?"

"ಅದನ್ನ ರೇಡಿಯೋದಲ್ಲಿ ಹೇಳ್ಲಿಲ್ಲ ಅಂದೆ."

ಆಮೇಲೆ ಇವರು ಇನ್ನೊಂದು ದಾರಿ ಹೇಳಿ ನೋಡಿದರಂತೆ. ಪೂರಾ ಬಿಡುವುದು ಬೇಡ, ಅರ್ಧ ಬಿಡುತ್ತೇನೆ, ಇನ್ನರ್ಧಕ್ಕೆ ಕಂತು. ಹಾಗೆ ಮಾಡುವ ದೇಶಗಳೂ ಇವೆಯಂತೆ. ಬೀಗರು ಕಾಫಿಯ ದುಡ್ಡನ್ನು ಇಬ್ಬರದೂ ತಾವೇ ಕೊಟ್ಟು ಎದ್ದು ಹೋದರು. ಇವರಿಗೆ ಅದೂ ಅರ್ಥವಾಗಲಿಲ್ಲ. "ನಂಗೆ ಕೊಡಕ್ಕೇ ಬುಡ್ಲಿಲ್ಲ," ಎಂದು ಬೇಸರ ಮಾಡಿಕೊಂಡರು.

ಗಂಡಸರ ಮಾತು ಅಲ್ಲಿಗೆ ಬಂದು ನಿಂತ ಮೇಲೆ ನಾನೇ ಹೊರಟೆ. ಎಂಟನೇ ತಿಂಗಳು ನಡೆಯುತ್ತಿತ್ತು, ಕರೆತರುವ ಪ್ರಶ್ನೆ ಇರಲಿಲ್ಲ. ನೋಡಲು ಹೋದೆ. ಬೀಗಿತ್ತಿ ಅಡಿಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನಾನೂ ಕೂತು ಒಂದು ಹಿಡಿ ಎಳೆದುಕೊಂಡೆ.

"ಮಗಳು ಹಿತ್ಲಲ್ಲವಳೆ, ಚೆನ್ನಾಗವಳೆ," ಅಂದರು ಬೀಗಿತ್ತಿ. "ಮನ್ನಾ ಮಾಡ್ದೋರ ಮಗಳು ಅಂತ ನಾವೇನು ಉಪವಾಸ ಕೆಡವಿಲ್ಲ."

"ಅಕ್ಕಾ, ಅವ್ರು ಒಳ್ಳೇದಕ್ಕೇ ಅಂದಿದ್ದು."

"ಒಳ್ಳೇದಕ್ಕೇ ಕಣಮ್ಮ, ಅದೇ ತೊಂದ್ರೆ. ಕೆಟ್ಟದಕ್ಕೆ ಅಂದಿದ್ರೆ ನಾವೂ ನಾಕು ಮಾತಂದು ಸಮ ಮಾಡ್ಕಬೋದಿತ್ತು. ಒಳ್ಳೇದಕ್ಕೆ ಏನಂತ ತಿರುಗ್ಸಿ ಅನ್ನೋದು?"

ನಾನು ಅವರೆಕಾಯಿ ಬಿಡಿಸಿದೆ.

"ಇನ್ಮೇಲೆ ನಾನೊಂದು ಹೊಸ ಸೀರೆ ಉಟ್ರೆ ನಿಮ್ಮ ಯಜಮಾನ್ರು ನೋಡ್ದೆ ಇದ್ರೂ ನೋಡ್ದಂಗೆ ಆಯ್ತದೆ. ಸಾರಿಗೆ ಒಂದು ಹಿಡಿ ಕೊಬ್ಬರಿ ಜಾಸ್ತಿ ಹಾಕಿದ್ರೆ, ಇದು ಅವ್ರು ಬಿಟ್ಟಿದ್ದಲ್ವಾ ಅನ್ನುಸ್ತದೆ. ಸಾಲ ಇದ್ದಾಗ ಇದೇನೂ ಇರ್ಲಿಲ್ಲ. ನೆಮ್ಮದಿಯಾಗಿದ್ದೆ."

"ಹಂಗಾದ್ರೆ ಈಗ ಏನ್ಮಾಡದು ಅಕ್ಕಾ? ದಿನ ಹೋಯ್ತಾ ಐತೆ."

ಒಲೆಯ ಪಕ್ಕದಲ್ಲಿ ಕೂತಿದ್ದ ಬೀಗರ ತಾಯಿ ಹೇಳಿದರು.

"ಬಂದು ಕೇಳ್ಲಿ."

"ಏನು ಕೇಳದು ಅವ್ವಾ?"

"ಕೊಬ್ಬರಿ. ಯಾವತ್ತು ಕೊಡ್ತೀರ ಅಂತ ಬಂದು ಕೇಳ್ಲಿ. ಜಗಲಿ ಮೇಲೆ, ನಾಕು ಜನ ಇರೋವಾಗ. ಬಿಟ್ಟೆ ಅಂದಿದ್ದೂ ಅಲ್ಲೇ ತಾನೇ?"

ನಾನು ಹೊರಡುವಾಗ ಮಗಳು ಬೇಲಿಯವರೆಗೂ ಬಂದಳು. ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತು, "ಅವ್ವಾ, ನಂಗೆ ನಿನ್ನ ಹತ್ರಾನೇ ಆಗ್ಬೇಕು," ಅಂದಳು. ನಾನು ಆಗಲಿ ಅಂದೆ. ಬಸ್ಸು ಹತ್ತಿದ ಮೇಲೆ ಯಾವ ಧೈರ್ಯದ ಮೇಲೆ ಆಗಲಿ ಅಂದೆ ಎಂದು ಯೋಚಿಸಿದೆ. ನಮ್ಮ ಯಜಮಾನರು ಹುಟ್ಟಿದಾಗಿನಿಂದ ಯಾರನ್ನೂ ಕೊಟ್ಟದ್ದು ವಾಪಸು ಕೇಳಿದವರಲ್ಲ. ಪಕ್ಕದ ಮನೆಯವರು ಒಯ್ದ ನಮ್ಮ ಏಣಿಯನ್ನು ಇವರು ಬೇಕಾದಾಗಲೆಲ್ಲ ಅವರಿಂದ ಎರವಲು ತರುತ್ತಿದ್ದರು.

ಕೊಟ್ಟಿಗೆಯಲ್ಲಿ ಅಭ್ಯಾಸ ಶುರುವಾಯಿತು. ನಾನು ಬೀಗರಾಗಿ ಹುಲ್ಲಿನ ಹೊರೆಯ ಮೇಲೆ ಕೂತೆ.

"ಕೇಳಿ," ಅಂದೆ.

"ಬೀಗ್ರೇ, ಕೊಬ್ಬರಿ ವಿಷಯ... ನಿಮಗೆ ಅನುಕೂಲ ಆದಾಗ..."

"ಭಿಕ್ಷೆ ಕೇಳ್ದಂಗೈತೆ. ಅನುಕೂಲ ಅನ್ಬೇಡಿ."

"ಬೀಗ್ರೇ, ಬೇಜಾರು ಮಾಡ್ಕಬೇಡಿ..."

"ಬೇಜಾರು ಮಾಡ್ಕಳ್ಳಿ ಅಂತಾನೇ ಹೋಗ್ತಿರೋದು ಕಣ್ರೀ."

"ನಂಗೆ ಬರಲ್ಲ ಕಣೇ," ಎಂದು ಹಸುವಿನ ಕಡೆ ತಿರುಗಿ ಅದರ ಕತ್ತು ತುರಿಸಿದರು.

"ಮೊಮ್ಮಗೂನ ಮೊದ್ಲು ಎತ್ಕಳೋದು ಯಾರು? ಅವ್ರಾ ನಾವಾ?"

ಅವರು ತುರಿಸುವುದನ್ನು ನಿಲ್ಲಿಸಿದರು. "ಕೊಬ್ಬರಿ ಯಾವತ್ತು ಕೊಡ್ತೀರ," ಅಂದರು. ದನಿ ಗಟ್ಟಿಯಾಗಿಯೇ ಬಂತು. ಹಸು ಎದ್ದು ನಿಂತಿತು.

ಒಂಬತ್ತು ಬಿದ್ದ ಮೊದಲ ಒಳ್ಳೆಯ ದಿನ ಹೋದೆವು. ಬೀಗಿತ್ತಿ ಏನು ಏರ್ಪಾಡು ಮಾಡಿದ್ದರೋ, ಅದೇ ಅಣ್ಣ ತಮ್ಮಂದಿರು, ಅದೇ ಹಿರಿಯರು ಜಗಲಿಯ ಮೇಲೆ ಏನೂ ಕೆಲಸವಿಲ್ಲದವರ ಹಾಗೆ ಕೂತಿದ್ದರು. ನಮ್ಮ ಯಜಮಾನರು ಮೇಲೆ ಹತ್ತಲಿಲ್ಲ. ಅಂಗಳದಲ್ಲೇ ನಿಂತರು. ಕಾಲು ತೊಳೆಯಲು ಕೊಟ್ಟ ಚೆಂಬನ್ನೂ ಮುಟ್ಟಲಿಲ್ಲ. ಅದು ನಾನು ಹೇಳಿಕೊಟ್ಟದ್ದಲ್ಲ.

"ಬೀಗ್ರೇ, ನಮ್ಮ ಕೊಬ್ಬರಿ ಯಾವತ್ತು ಕೊಡ್ತೀರ?"

ಬೀಗರು ಕಣ್ಣು ಸಣ್ಣ ಮಾಡಿ ನೋಡಿದರು. "ಬಿಟ್ಟಿದ್ದೀನಿ ಅಂದಿದ್ರಲ್ಲ."

"ಯಾವನಂದ? ಗಾಡಿ ತುಂಬ ಕೊಟ್ಟಿದ್ದೀನಿ, ಗಾಡಿ ತುಂಬ ಬರ್ಬೇಕು. ರೇಟು ಏರ್ಲಿ ಬೀಳ್ಲಿ, ನಂಗೆ ಸಂಬಂಧ ಇಲ್ಲ. ಕೌಟು ಬೆರೆಸಿದ್ರೆ ವಾಪಸು ಕಳ್ಸ್ತೀನಿ." ಇಷ್ಟಕ್ಕೆ ನಿಲ್ಲಿಸಬೇಕಿತ್ತು. ನಿಲ್ಲಿಸಲು ಆಗಲಿಲ್ಲ. ಜನ್ಮದಲ್ಲಿ ಮೊದಲ ಸಲ ಕೇಳುತ್ತಿದ್ದವರು. "ಮೇಲೆ ಬಡ್ಡೀನೂ ಬರ್ಬೇಕು."

"ಬಡ್ಡಿ?" ಬೀಗರು ಎದ್ದರು. "ನೆಂಟ್ರ ಹತ್ರ ಬಡ್ಡಿ ಕೇಳ್ತೀರಲ್ರೀ, ನಾಚ್ಕೆ ಆಗಲ್ವಾ?"

"ತಗಳೋವಾಗ ನಾಚ್ಕೆ ಆಗಿತ್ತಾ?"

"ತಂದು ಕೊಟ್ಟಿದ್ದು ನೀವು, ನಾವು ಕೇಳಿದ್ವಾ?"

ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು. ಜಗಲಿಯ ಹಿರಿಯರು ಸಮಾಧಾನವಾಗಿ ಎಲೆಗೆ ಸುಣ್ಣ ಹಚ್ಚತೊಡಗಿದರು. ಬಡ್ಡಿಯ ಮಾತು ಕೇಳಿ ಕೆಲಸ ಕೆಟ್ಟಿತು ಅಂದುಕೊಂಡಿದ್ದೆ. ಬೀಗರ ಮುಖ ನೋಡಿದ ಮೇಲೆ ಕೆಟ್ಟಿಲ್ಲ ಅನ್ನಿಸಿತು. ಏಳನೇ ತಿಂಗಳ ಶಾಸ್ತ್ರದ ದಿನದಿಂದ ಆ ಮುಖದಲ್ಲಿ ಇಲ್ಲದಿದ್ದ ರಕ್ತ ಬಂದಿತ್ತು. ಬೀಗರ ತಾಯಿ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು.

"ಬಡ್ಡಿ ಗಿಡ್ಡಿ ಏನೂ ಇಲ್ಲ. ಅಸಲು ಯುಗಾದಿ ಕಳೆದ ಮೇಲೆ ಬತ್ತದೆ," ಅಂದರು ನಮ್ಮವರಿಗೆ. ಸೊಸೆಗೆ ಹೇಳಿದರು, "ಬೀಗ್ರು ಬಂದವ್ರೆ, ಎಲೆ ಹಾಕು. ಹುಡುಗಿ ಬಟ್ಟೆ ಕಟ್ಟು."

ಹುಳಿಯಾರಿನಿಂದ ಬಾಡಿಗೆ ಕಾರು ತರಿಸಿದರು. ಬಾಡಿಗೆಯನ್ನು ಬೀಗರೇ ಕೊಟ್ಟರು. ನಮ್ಮ ಯಜಮಾನರು ಜೇಬಿಗೆ ಕೈ ಹಾಕಿದ್ದನ್ನು ನಾನು ನೋಡಿದೆ. ಅವರು ನನ್ನನ್ನು ನೋಡಿ ಕೈ ತೆಗೆದರು. ದಾರಿಯುದ್ದಕ್ಕೂ ಮಗಳು ನನ್ನ ಹೆಗಲ ಮೇಲೆ ತಲೆ ಇಟ್ಟು ಮಲಗಿದ್ದಳು. ನನ್ನ ತೋಳು ಜೋಮು ಹಿಡಿದು ಊರು ಮುಟ್ಟುವಷ್ಟರಲ್ಲಿ ಇಲ್ಲದಂತೆಯೇ ಆಗಿತ್ತು. ನಾನು ಅಲ್ಲಾಡಿಸಲಿಲ್ಲ.

ಶಿವರಾತ್ರಿ ಕಳೆದು, ಒಂದು ದಿನ ಬಿಸಿಲು ಏರುವ ಹೊತ್ತಿಗೆ, ಸುಣ್ಣ ಹೊಡೆದ ಆ ಕೋಣೆಯಲ್ಲಿ ನನ್ನ ಮೊಮ್ಮಗಳು ಹುಟ್ಟಿದಳು. ಸೂಲಗಿತ್ತಿ ಅವಳನ್ನು ನನ್ನ ಕೈಗೆ ಹಾಕಿದಾಗ ಅವಳು ಅಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಹುಟ್ಟಿದ ಮಗುವಿಗೆ ಕಣ್ಣು ಕಾಣುವುದಿಲ್ಲ ಎಂದು ಓದಿದವರು ಹೇಳುತ್ತಾರೆ. ಬೇರೆ ಮಕ್ಕಳ ವಿಷಯ ನನಗೆ ಗೊತ್ತಿಲ್ಲ. ಇವಳು ನೋಡಿದಳು. ಹಣೆ ನಮ್ಮ ಕಡೆಯದು, ಕಿವಿ ಬೀಗರದು, ಆ ಕಿರುಬೆರಳುಗಳು ಯಾರ ಕಡೆಯವೂ ಅಲ್ಲ, ಅವಳದೇ. ನಾನು ಹಾಲು ಕಾಯಿಸಲು ಇಟ್ಟು, ಅದು ಉಕ್ಕುವುದನ್ನು ಒಲೆಯ ಮುಂದೆ ನಿಂತೇ ನೋಡಿದೆ. ಪಾತ್ರೆ ಪೂರಾ ಉಕ್ಕಿ ಹೋಯಿತು. ಇಳಿಸಬೇಕು ಎಂಬುದು ಹೊಳೆಯಲೇ ಇಲ್ಲ. ಯಜಮಾನರು ತೋಟಕ್ಕೆ ಹೋಗಿ ಬಂದರು. ಏನು ಮಾಡಲು ಹೋದಿರಿ ಎಂದರೆ ಗೊತ್ತಿಲ್ಲ ಅಂದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ ಹೋದರು.

ಸುದ್ದಿ ಮುಟ್ಟಿದ ಮೇಲೆ ಬೀಗರು ಬಂದರು. ಕೈಕಾಲು ತೊಳೆದು, ಒಣಗಿದ ಪಂಚೆ ಹಾಸಿಕೊಂಡು ಜಗಲಿಯ ಮೇಲೆ ಕೂತರು. ನಾನು ಮಗುವನ್ನು ಅವರ ತೊಡೆಯ ಮೇಲೆ ಇಟ್ಟೆ. ಬಹಳ ಹೊತ್ತು ನೋಡಿದರು. ಮಗು ಅವರ ಹೆಬ್ಬೆರಳನ್ನು ಹಿಡಿದುಕೊಂಡಿತ್ತು. ಅವರು ಬಿಡಿಸಿಕೊಳ್ಳದೆ ಎಡಗೈಯಲ್ಲೇ ಕಾಫಿ ಕುಡಿದರು.

"ಬೀಗ್ರೇ, ಕೊಬ್ಬರಿ ಇನ್ನೂ ಆಗಿಲ್ಲ," ಅಂದರು ಕಣ್ಣೆತ್ತದೆ. "ನಾಕು ಕಾಯಿ ಅಲ್ಲಾಡ್ಸಿ ನೋಡ್ದೆ. ನೀರೈತೆ."

"ಅದಕ್ಕೇನಂತೆ ಬುಡಿ, ನಿಧಾನಕ್ಕೆ..." ಎಂದು ನಮ್ಮ ಯಜಮಾನರು ಶುರು ಮಾಡಿದರು. ನಾನು ಬಾಗಿಲಲ್ಲಿ ನಿಂತು ಕೆಮ್ಮಿದೆ.

ಅವರು ತಿದ್ದಿಕೊಂಡರು. "ನಿಧಾನ ಗಿಧಾನ ಆಗಲ್ಲ. ಯುಗಾದಿ ಅಂದ್ರೆ ಯುಗಾದಿ. ತಡ ಆದ್ರೆ ನಾನೇ ಬಂದು ಅಂಗಳದಲ್ಲಿ ಕೂತ್ಕತೀನಿ."

"ಬನ್ನಿ, ಬ್ಯಾಡ ಅಂದೋರು ಯಾರು? ಬಂದ್ರೆ ಉಂಡ್ಕಂಡೇ ಹೋಗ್ಬೇಕು."

"ಉಣ್ತೀನಿ. ಆದ್ರೆ ಕೊಬ್ಬರಿ ಬಿಡಲ್ಲ."

"ಬಿಡ್ಬೇಡಿ," ಅಂದರು ಬೀಗರು. ತುರುವೇಕೆರೆಗೆ ಹೋಗುವ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯಿತು. ಅವರು ಬಂದಿದ್ದು ಅದೇ ಬಸ್ಸಿಗೆ ವಾಪಸು ಹೋಗುವ ಲೆಕ್ಕದಲ್ಲಿ. ಮಗುವನ್ನು ಇನ್ನೊಂದು ತೊಡೆಗೆ ಬದಲಾಯಿಸಿಕೊಂಡು, ಖಾಲಿ ಲೋಟವನ್ನು ನನ್ನ ಕಡೆ ಸ್ವಲ್ಪ ಸರಿಸಿದರು.